ಗ್ರೀಕರ ಚರ್ಚಿಗೆ ಮೂರು ಪ್ರದಕ್ಷಿಣೆ

ನ್ಯೂಜೆರ್ಸಿಯ ಸಮರ್‌ಸೆಟ್ಟಿನ ತಿಪ್ಪಣ್ಣನವರು ಮೂವತ್ತೊಂದು ವರ್ಷ ಕೌಂಟಿಯ ರಸ್ತೆ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಅವರ ಪಾಲಿಗೆ ಬಂದದ್ದು ಮೋರಿಗಳು. ರಸ್ತೆಯ ಕೆಳಗೆ ಮಳೆನೀರು ಹರಿದುಹೋಗಲು ಎಷ್ಟು ಅಗಲದ ಕೊಳವೆ ಬೇಕು ಎಂದು ಹೇಳುವುದು ಅವರ ಕೆಲಸ. ಆದರೆ ಯಾರಾದರೂ ಕೇಳಿದರೆ ಅವರು ಮೋರಿ ಎನ್ನುತ್ತಿರಲಿಲ್ಲ, ‘ಹೈಡ್ರಾಲಿಕ್ ಸ್ಟ್ರಕ್ಚರ್ಸ್’ ಎನ್ನುತ್ತಿದ್ದರು. ಸುಳ್ಳೇನಲ್ಲ. ತಿಪ್ಪಣ್ಣನವರು ಸುಳ್ಳು ಹೇಳುವ ಜಾಯಮಾನದವರೇ ಅಲ್ಲ. ಇದ್ದ ಸಂಗತಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ ಹೊರಗೆ ಕಳಿಸುತ್ತಿದ್ದರು, ಅಷ್ಟೆ.

ಒಬ್ಬಳೇ ಮಗಳು ಗಾರ್ಗಿಯ ವಿಷಯದಲ್ಲಿ ಮಾತ್ರ ಈ ಅಂಗಿ ಅಳತೆ ಮೀರಿ ದೊಡ್ಡದಾಯಿತು. ಆಕೆ ಎಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಮನೆಗೆ ಬಂದವಳು, ಇನ್ನು ಕಾಲೇಜಿನಲ್ಲಿ ಹಳೇ ಗೋಡೆಗಳ ಮೇಲಿನ ಚಿತ್ರಗಳನ್ನು ದುರಸ್ತಿ ಮಾಡುವುದನ್ನು ಓದುತ್ತೇನೆ ಎಂದು ಘೋಷಿಸಿದಳು. ತಾಯಿ ಅನಸೂಯ ‘ಊಟ ಮಾಡಿ ಮಾತಾಡು’ ಎಂದರು. ತಿಪ್ಪಣ್ಣನವರು ಗರಾಜಿಗೆ ಹೋಗಿ ಮೂರು ದಿನ ಮೊಳೆಗಳನ್ನು ಉದ್ದದ ಪ್ರಕಾರ ವಿಂಗಡಿಸಿದರು. ಮುಂದೆ ಆಕೆ ಓದಿದಳು, ಇಟಲಿಗೂ ಹೋಗಿ ಬಂದಳು, ಕೆಲಸಕ್ಕೂ ಸೇರಿದಳು. ಏನು ಕೆಲಸ, ಹೇಗೆ ಮಾಡುತ್ತೀ ಎಂದು ತಂದೆ ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಭಯ.

ಹನ್ನೊಂದು ವರ್ಷದ ಹಿಂದೆ ಯುಗಾದಿಯ ಊಟದ ಸಾಲಿನಲ್ಲಿ ಹಿಕ್ಸ್‌ವಿಲ್ಲಿನ ಡಾಕ್ಟರೊಬ್ಬರು ಮಗಳ ಬಗ್ಗೆ ವಿಚಾರಿಸಿದರು. ತಿಪ್ಪಣ್ಣನವರು ‘ರೆಸ್ಟೊರೇಷನ್’ ಎಂದರು. ಹಳೇ ಕಟ್ಟಡ, ಸೇತುವೆಗಳನ್ನು ಗಟ್ಟಿ ಮಾಡುವ ಸ್ಟ್ರಕ್ಚರಲ್ ಎಂಜಿನಿಯರಿಂಗೋ ಎಂದು ಡಾಕ್ಟರು ಕೇಳುವಾಗ ಇವರ ಬಾಯಿತುಂಬ ಹೋಳಿಗೆ ಇತ್ತು. ತಲೆ ಆಡಿಸಿದರು. ಅಲ್ಲಿಂದ ಗಾರ್ಗಿಯ ವೃತ್ತಿಜೀವನ ನಾಗಾಲೋಟದಲ್ಲಿ ಸಾಗಿತು. ಎರಡು ವರ್ಷಕ್ಕೊಮ್ಮೆ ತಂದೆ ಆಕೆಗೆ ಪ್ರಮೋಷನ್ ಕೊಟ್ಟರು. ಆಕೆ ಜಾರ್ಜ್ ವಾಷಿಂಗ್ಟನ್ ಸೇತುವೆಯ ಬುಡದ ಫೋರ್ಟ್ ಲೀಯಲ್ಲಿ ಸಣ್ಣ ಅಪಾರ್ಟ್‌ಮೆಂಟ್ ಹಿಡಿದಾಗ, ಸೇತುವೆಯ ಮೇಲೆ ಕಣ್ಣಿಡಲು ಕಂಪನಿಯವರೇ ಅಲ್ಲಿ ಇರಿಸಿದ್ದಾರೆ ಎಂಬರ್ಥ ಬರುವಂತೆ ಮಾತಾಡಿದರು. ನ್ಯೂಜೆರ್ಸಿಯ ಕನ್ನಡಿಗರೆಲ್ಲ ಆ ಸೇತುವೆ ದಾಟುವಾಗ ನಿಶ್ಚಿಂತರಾಗಿದ್ದರು. ಈ ಏಳಿಗೆಯ ಸುದ್ದಿ ಗೊತ್ತಿರದಿದ್ದದ್ದು ಗಾರ್ಗಿಯೊಬ್ಬಳಿಗೇ ಎಂದು ತಿಪ್ಪಣ್ಣನವರು ತಿಳಿದಿದ್ದರು.

ರಿಟೈರ್ ಆದಮೇಲೆ ಅವರು ಹಿರಿಯರ ಬಳಗ ಸೇರಿದರು. ತಿಂಗಳಿಗೊಂದು ಪ್ರವಾಸ ಹೋಗುವ ಕೂಟ ಅದು. ಒಂಬತ್ತಕ್ಕೆ ಹೊರಡುವುದೆಂದರೆ ಒಂಬತ್ತೂ ಮುಕ್ಕಾಲು, ಇತಿಹಾಸವೆಂದರೆ ಶಂಕರನಾರಾಯಣ, ಪುಳಿಯೋಗರೆಯೆಂದರೆ ಅವರ ಹೆಂಡತಿ ಕೌಸಲ್ಯಾ. ಮೈಸೂರಿನ ಶಂಕರನಾರಾಯಣ ಫಿಸಿಕ್ಸ್ ಪ್ರೊಫೆಸರರಾಗಿದ್ದವರು, ಬಳಗದ ಅಧ್ಯಕ್ಷರು. ಎರಡು ಪುಟ ಓದಿಕೊಂಡು ಎರಡು ಗಂಟೆ ಮಾತಾಡಬಲ್ಲ ಅಪರೂಪದ ಶಕ್ತಿ ಅವರಿಗೆ ಸಿದ್ಧಿಸಿತ್ತು. ಅಕ್ಟೋಬರಿನಲ್ಲಿ ಅವರು, ಮುಂದಿನ ತಿಂಗಳು ಪೆಸೇಕ್ ನದಿಯ ಕಡೆಯ ಗ್ರೀಕರ ಚರ್ಚಿಗೆ ಹೋಗೋಣ, ಅದು ಬೈಜಾಂಟೈನ್ ಶೈಲಿಯದು, ಐತಿಹಾಸಿಕವಾದದ್ದು, ಮೊಸಾಯಿಕ್‌ಗೆ ಹೆಸರಾದದ್ದು ಎಂದರು. ಐತಿಹಾಸಿಕವೆಂದರೆ ನೂರು ವರ್ಷದ್ದು. ನೂರು ವರ್ಷದ ಗೋಡೆಗೆ ನಮ್ಮೂರಲ್ಲಿ ಬೆರಣಿ ತಟ್ಟುತ್ತಾರೆ, ಅಮೆರಿಕದಲ್ಲಿ ಫಲಕ ಹಾಕುತ್ತಾರೆ. ಜಯನಗರದ ನಮ್ಮ ಮನೆಯಲ್ಲೂ ಮೊಸಾಯಿಕ್ ನೆಲ ಇತ್ತು, ಅದನ್ನು ನೋಡೋಕೆ ಒಂದು ಗಂಟೆ ಡ್ರೈವ್ ಮಾಡಬೇಕೇ ಎಂದು ಒಬ್ಬರು ಕೇಳಿದರು. ಇದು ನೆಲದ್ದಲ್ಲ, ಗೋಡೆಗೂ ಗುಮ್ಮಟಕ್ಕೂ ಬಣ್ಣದ ಗಾಜಿನ ಚೂರು, ಚಿನ್ನದ ಚೂರು ಕೂರಿಸಿ ಮಾಡಿದ ಚಿತ್ರಗಳು ಎಂದು ಅಧ್ಯಕ್ಷರು ತಾಳ್ಮೆಯಿಂದ ತಿಳಿಹೇಳಿದರು.

ಗಾರ್ಗಿ ಮಾರ್ಚ್ ತಿಂಗಳಿಂದ ಕೆಲಸ ಮಾಡುತ್ತಿದ್ದದ್ದು ಅದೇ ಚರ್ಚಿನಲ್ಲಿ, ಅನಸೂಯ ಹೇಳಿ ಅಷ್ಟು ಗೊತ್ತಿತ್ತು. ತಿಪ್ಪಣ್ಣನವರು ಎದ್ದು ನಿಂತು ಹಡ್ಸನ್ ನದಿಯ ದೋಣಿವಿಹಾರ ಸೂಚಿಸಿದರು, ಕುಂಬಳಕಾಯಿ ತೋಟ ಸೂಚಿಸಿದರು, ಕೊನೆಗೆ ಬಟ್ಟೆ ಅಂಗಡಿಗಳ ಔಟ್‌ಲೆಟ್ಟನ್ನೂ ಸೂಚಿಸಿದರು. ಇಪ್ಪತ್ತು ಮಂದಿಯಲ್ಲಿ ಹತ್ತೊಂಬತ್ತು ಕೈಗಳು ಚರ್ಚಿನ ಪರವಾಗಿ ಎದ್ದವು.

ಮನೆಗೆ ಬಂದು ಮಗಳಿಗೆ ಫೋನ್ ಮಾಡಿದರು. ಹವಾಮಾನ, ಕಾರಿನ ಟೈರು, ಫ್ಲೂ ಶಾಟ್ ಎಲ್ಲ ಮುಗಿದ ಮೇಲೆ, ನಮ್ಮ ಬಳಗ ಚರ್ಚು ನೋಡಲು ಬರುವ ಮಂಗಳವಾರ ನೀನು ಅಲ್ಲಿ ಯಾವ ಕಡೆ ಇರುತ್ತೀ ಎಂದು ಕೇಳಿದರು. ಗಾರ್ಗಿ ಇಂಗ್ಲಿಷಿನಲ್ಲಿ, ಎಂದಿನ ಸಮಾಧಾನದಲ್ಲೇ ವಿವರಿಸಿದಳು. ಚರ್ಚಿನ ಮುಂಭಾಗದಲ್ಲಿ ಸಂತರ ಚಿತ್ರಗಳಿರುವ ಎತ್ತರದ ಮರದ ಪರದೆಯಿದೆ. ಅದರ ಹಿಂದೆ ಅವರ ಗರ್ಭಗುಡಿ. ಪಾದ್ರಿಗಳನ್ನು ಬಿಟ್ಟು ಯಾರೂ ಒಳಗೆ ಹೋಗುವಂತಿಲ್ಲ, ತಾನು ಮತ್ತು ಜೊತೆಗಾತಿ ಹೆಲೆನ್ ಅಪ್ಪಣೆ ಪಡೆದು ಹೋಗುತ್ತಿದ್ದೇವೆ. ಮಂಗಳವಾರ ಇಡೀ ದಿನ ಅಲ್ಲೇ ಇರುತ್ತೇನೆ, ಹೊರಗೆ ಬರುವುದಿಲ್ಲ.

‘ಭಾಳ ಛಲೋ ಆತು’ ಎಂದರು ತಿಪ್ಪಣ್ಣನವರು. ಫೋನಿಟ್ಟ ಮೇಲೆ ಆ ಮಾತು ತುಸು ಅವಸರದಲ್ಲಿ ಬಂತೇನೋ ಅನ್ನಿಸಿತು. ಅವಳು ಗಮನಿಸಿರಲಿಕ್ಕಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಎಲ್ಲ ಕೇಳಿಸಿಕೊಂಡಿದ್ದ ಅನಸೂಯ, ನನಗೆ ಮೊಣಕಾಲು ನೋವು, ನಿಮ್ಮ ಸುಳ್ಳನ್ನು ನೀವೇ ಹೊತ್ತುಕೊಂಡು ಹೋಗಿರಿ ಎಂದು ಪ್ರವಾಸದಿಂದ ಹೆಸರು ತೆಗೆಸಿದರು.

ಮಂಗಳವಾರ ಎರಡು ವ್ಯಾನುಗಳು ಚರ್ಚಿನ ಮುಂದೆ ನಿಂತವು. ನವೆಂಬರಿನ ಚಳಿ. ಹತ್ತೊಂಬತ್ತು ಮಂದಿಯೂ ಯಾರೂ ಹೇಳದೆಯೇ ಮೆಟ್ಟಿಲ ಬಳಿ ಶೂ ಬಿಚ್ಚಿ ಗೋಡೆಗೆ ಸಾಲಾಗಿ ಜೋಡಿಸಿದರು. ಶೂ ಹಾಕಿಕೊಂಡೇ ಬರಬಹುದು ಎಂದು ಕಾವಲಿನವ ಹೇಳಿದ್ದನ್ನು ಅವನ ಸೌಜನ್ಯವೆಂದು ತಿಳಿದು ಎಲ್ಲರೂ ಅವನಿಗೆ ಥ್ಯಾಂಕ್ಸ್ ಹೇಳಿದರು. ಅಮೃತಶಿಲೆಯ ನೆಲ ಐಸ್‌ನಂತೆ ಕೊರೆಯುತ್ತಿತ್ತು.

ಒಳಗೆ ಕಾಲಿಟ್ಟವರು ಒಂದು ಕ್ಷಣ ಸುಮ್ಮನಾದರು, ಬಳಗದ ಚರಿತ್ರೆಯಲ್ಲಿ ಇದು ದಾಖಲೆ. ಗುಮ್ಮಟದಿಂದ ಗೋಡೆಯವರೆಗೆ ಬಂಗಾರ. ಅದರ ನಡುವೆ ನೀಲಿ ಉಡುಗೆಯ ತಾಯಿ, ದೊಡ್ಡ ಕಣ್ಣಿನ ಸಂತರು. ನಡೆದಂತೆಲ್ಲ ಆ ಬಂಗಾರ ಒಂದು ಕಡೆ ಮಂಕಾಗಿ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತಿತ್ತು. ಒಂದೊಂದು ಚೂರನ್ನೂ ಬೇಕೆಂದೇ ಒಂದಿಷ್ಟು ಓರೆಯಾಗಿ ಕೂರಿಸಿರುತ್ತಾರೆ, ಅದಕ್ಕೇ ಬೆಳಕು ಹೀಗೆ ಆಡುವುದು ಎಂದು ಶಂಕರನಾರಾಯಣ ಆರಂಭಿಸಿದರು. ಮೊದಲ ಹತ್ತು ನಿಮಿಷ ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಅವರು ರೋಮ್ ಸಾಮ್ರಾಜ್ಯದ ಪತನಕ್ಕೆ ಕಾರಣಗಳನ್ನು ಹೇಳತೊಡಗಿದರು.

ತಿಪ್ಪಣ್ಣನವರು ಗುಮ್ಮಟ ನೋಡಲಿಲ್ಲ, ಮರದ ಪರದೆಯನ್ನೇ ನೋಡುತ್ತಿದ್ದರು. ಅದಕ್ಕೆ ಮೂರು ಬಾಗಿಲು. ನಡುವಿನದು ಮುಚ್ಚಿತ್ತು, ಬಲಗಡೆಯದೂ ಮುಚ್ಚಿತ್ತು. ಎಡಗಡೆಯದು ಮಾತ್ರ ಒಂದು ಗೇಣು ತೆರೆದಿತ್ತು, ಕೆಲಸದ ದೀಪಕ್ಕೆ ಕೇಬಲ್ ಎಳೆದಿದ್ದರು. ಒಳಗಿಂದ ಏನನ್ನೋ ಮೆಲ್ಲಗೆ ಕುಟ್ಟುವ ಸದ್ದು ಬರುತ್ತಿತ್ತು. ಒಂದು ಗೇಣು ತಾನೆ, ಯಾರೂ ಹೋಗುವಂತಿಲ್ಲವಲ್ಲ ಎಂದು ಅವರು ಧೈರ್ಯ ತಂದುಕೊಂಡರು.

ಅವರ ಲೆಕ್ಕಕ್ಕೆ ಸಿಗದೇ ಹೋದವರು ಕೌಸಲ್ಯಾ. ರೋಮ್ ಯಾಕೆ ಬಿತ್ತೆಂಬುದು ಆಕೆಗೆ ಬೇಕಿರಲಿಲ್ಲ, ನಲವತ್ತೆರಡು ವರ್ಷ ಗಂಡನ ಪಾಠ ಕೇಳಿ ಆಗಿತ್ತು. ದೇವರ ದರ್ಶನ ಆಯಿತು, ಇನ್ನು ಪ್ರದಕ್ಷಿಣೆ. ಎಡಕ್ಕೆ ಹೊರಟು, ದೇವರನ್ನು ಬಲಕ್ಕಿಟ್ಟುಕೊಂಡು, ಮೂರು ಸುತ್ತು. ಎಡಕ್ಕೊಂದು ಬಾಗಿಲು ತೆರೆದಿದೆ, ಬಲಕ್ಕೊಂದು ಬಾಗಿಲಿದೆ, ಅಂದಮೇಲೆ ಸುತ್ತಿ ಬರುವುದಕ್ಕೇ ಅಲ್ಲವೇ ಮಾಡಿರುವುದು. ಆಕೆ ಸೆರಗು ಸರಿಮಾಡಿಕೊಂಡು, ಬಾಗಿಲು ತಳ್ಳಿ ಒಳಗೆ ಹೋದರು. ಬ್ರಿಜ್‌ವಾಟರಿನ ದೇವಸ್ಥಾನದಲ್ಲಿ ಗರ್ಭಗುಡಿಯ ಹೊಸ್ತಿಲನ್ನು ಬೆರಳಲ್ಲೂ ಮುಟ್ಟದ ಮಡಿವಂತೆ, ಗ್ರೀಕರ ಗರ್ಭಗುಡಿಗೆ ಅತ್ತಿಗೆಯ ಅಡುಗೆಮನೆಗೆ ಹೋದ ಹಾಗೆ ಹೋದರು. ಹಿಂದೆಯೇ ಹತ್ತು ಹೆಂಗಸರು ಕೈಮುಗಿದುಕೊಂಡು ಸಾಲಾಗಿ ನಡೆದರು. ಮುಂದಿನವರು ಎಲ್ಲಿಗೆ ಹೋಗುತ್ತಿದ್ದಾರೆ ಎಂದು ಪ್ರದಕ್ಷಿಣೆಯಲ್ಲಿ ಯಾರೂ ಕೇಳುವುದಿಲ್ಲ.

ತಿಪ್ಪಣ್ಣನವರು ನೋಡುವಷ್ಟರಲ್ಲಿ ಸಾಲಿನ ಕೊನೆಯ ಸೀರೆಯೂ ಮರೆಯಾಗುತ್ತಿತ್ತು. ಬರೀ ಸಾಕ್ಸಿನಲ್ಲಿ ಜಾರುತ್ತ ಓಡಿದರು. ಒಳಗೆ ಮುಟ್ಟಿದಾಗ ನಡುವಿನ ಪೂಜೆಯ ಮೇಜಿಗೆ ಎರಡನೆಯ ಸುತ್ತು ನಡೆದಿತ್ತು. ಕೌಸಲ್ಯಾ ವಿಷ್ಣುವಿನ ಸ್ತೋತ್ರ ಹೇಳುತ್ತ ಮುಂದೆ, ಉಳಿದವರು ಹಿಂದೆ, ಅವರ ಹಿಂದೆ ಕಪ್ಪು ನಿಲುವಂಗಿಯ ಪಾದ್ರಿ ಏನೋ ಹೇಳುತ್ತ ಹಿಂಬಾಲಿಸುತ್ತಿದ್ದರು. ದೂರದಿಂದ ನೋಡಿದರೆ ಅವರೂ ಪ್ರದಕ್ಷಿಣೆ ಹಾಕುತ್ತಿದ್ದಾರೆ ಅನ್ನಿಸುವಂತಿತ್ತು.

ಹಿಂಬದಿಯ ಗೋಡೆಯ ಬಳಿ, ಹಲಗೆಯ ಮೇಲೆ ಮೊಣಕಾಲೂರಿ ಗಾರ್ಗಿ ಕೂತಿದ್ದಳು. ಮೈಮೇಲೆ ಸುಣ್ಣ ಮೆತ್ತಿದ ಉಡುಪು, ಹಣೆಗೆ ಭೂತಗನ್ನಡಿ, ಕೈಯಲ್ಲಿ ಚಿಮಟ. ಪಕ್ಕದಲ್ಲಿ ನರೆತ ಕೂದಲಿನ ಹೆಲೆನ್ ಗಾರೆ ಕಲಸುತ್ತಿದ್ದಳು. ಮೂರನೆಯ ಸುತ್ತಿನಲ್ಲಿ ಕೌಸಲ್ಯಾ ನಿಂತರು. ಸಾಲು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತಿತು.

‘ನೀನು ತಿಪ್ಪಣ್ಣನವರ ಮಗಳಲ್ವೇನಮ್ಮ, ಎಂಜಿನಿಯರು? ಇಲ್ಲೇನು ಮಾಡ್ತಿದೀಯ?’

ಗಾರ್ಗಿ ತಲೆ ಎತ್ತಿದಳು. ಹೆಂಗಸರ ತಲೆಗಳಾಚೆ ತಂದೆ ಕಂಡರು. ಅವರ ಮುಖದಲ್ಲಿ ಏನಿತ್ತೋ, ಆಕೆ ಅದನ್ನು ಓದಿಕೊಂಡಳು. ಚಿಮಟವನ್ನು ಮೆಲ್ಲಗೆ ಹಿಂದಕ್ಕಿಟ್ಟಳು.

‘ಹೌದು ಆಂಟಿ. ಇನ್‌ಸ್ಪೆಕ್ಷನ್‌ಗೆ ಬಂದೀನಿ. ಗೋಡೆ ಗಟ್ಟಿ ಐತೋ ಇಲ್ಲೋ ನೋಡಾಕ.’

ತಡವರಿಸದೆ ಹೇಳಿದಳು. ಪಾಠ ಮೊದಲೇ ಬಾಯಿಗೆ ಬಂದಿದ್ದವಳ ಹಾಗೆ ಹೇಳಿದಳು. ತನ್ನ ಪ್ರಮೋಷನ್‌ಗಳ ಸುದ್ದಿ ಅವಳಿಗೆ ಎಷ್ಟು ವರ್ಷದಿಂದ ಗೊತ್ತಿತ್ತೋ. ತಿಪ್ಪಣ್ಣನವರ ಮಾನ ಉಳಿಯಿತು. ಉಳಿದ ಮಾನವನ್ನು ಏನು ಮಾಡುವುದೆಂದು ತಿಳಿಯದೆ ಅವರು ಅಲ್ಲೇ ನಿಂತರು.

ಗಾರ್ಗಿ ಪಾದ್ರಿಯವರ ಹತ್ತಿರ ಹೋಗಿ, ಇವರು ಅವಮಾನ ಮಾಡಲು ಬಂದವರಲ್ಲ, ನಮ್ಮಲ್ಲಿ ಮರ್ಯಾದೆ ಮಾಡುವುದೇ ಹೀಗೆ ಎಂದು ತಿಳಿಸಿದಳು. ಅವರು ನಿಟ್ಟುಸಿರಿಟ್ಟು, ಐದು ನಿಮಿಷದಲ್ಲಿ ಎಲ್ಲರೂ ಹೊರಗಿರಬೇಕು ಎಂದರು. ಅಷ್ಟರಲ್ಲಿ ಕೇಳುಗರನ್ನು ಕಳೆದುಕೊಂಡ ಶಂಕರನಾರಾಯಣರೂ ಹುಡುಕಿಕೊಂಡು ಒಳಗೆ ಬಂದರು. ಬಂದವರ ಕಣ್ಣು ಗೋಡೆಯ ಮೇಲಿನ ದೇವದೂತನ ಚಾಚಿದ ಕೈ ಮೇಲೆ ನಿಂತಿತು. ಬೆರಳ ಗೆಣ್ಣು, ಉಗುರಿನ ಹೊಳಪು, ಮುಂಗೈಯ ನೀಲಿ ನರವೂ ಕಾಣುತ್ತಿತ್ತು. ಇದು ನೋಡಿ ಹಳೇ ಕಾಲದ ಕೈಚಳಕ, ಈಗಿನವರಿಂದ ಇದು ಸಾಧ್ಯವೇ ಇಲ್ಲ ಎಂದು ಅವರು ತೀರ್ಪು ಕೊಟ್ಟರು.

‘ಆ ಕೈ ಹಳೇದಲ್ಲ, ಅಂಕಲ್’ ಎಂದಳು ಗಾರ್ಗಿ. ‘ಗುಮ್ಮಟ ಸೋರಿ ಕೈ ಪೂರ್ತಿ ಬಿದ್ದುಹೋಗಿತ್ತು. ಮತ್ತ ಮಾಡಾಕ ಏಳು ತಿಂಗಳಾತು.’

‘ಯಾರಮ್ಮ ಮಾಡಿದ್ದು?’

ಗಾರ್ಗಿ ತಂದೆಯ ಕಡೆ ಒಂದು ಸಲ ನೋಡಿದಳು. ‘ಹೆಲೆನ್’ ಎಂದಳು.

ಕೌಸಲ್ಯಾ ಧಾವಿಸಿ ಹೆಲೆನ್‌ಳ ಗಾರೆ ಮೆತ್ತಿದ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡರು. ಈ ಕೈಗೆ ಚಿನ್ನದ ಬಳೆ ತೊಡಿಸಬೇಕು ಎಂದರು, ನಿನ್ನ ಹೆತ್ತವರು ಪುಣ್ಯವಂತರು ಎಂದರು. ಹತ್ತು ಹೆಂಗಸರೂ ಸರದಿಯಲ್ಲಿ ಬಂದು ಕೈ ಕುಲುಕಿದರು. ಕನ್ನಡದ ಒಂದಕ್ಷರವೂ ಬಾರದ ಹೆಲೆನ್ ಕಕ್ಕಾಬಿಕ್ಕಿಯಾಗಿ ನಗುತ್ತ ಗಾರ್ಗಿಯ ಮುಖ ನೋಡಿದಳು. ಗಾರ್ಗಿ ಮುಗುಳ್ನಗುತ್ತ ಒಂದು ಪಕ್ಕಕ್ಕೆ ಸರಿದು ನಿಂತಿದ್ದಳು, ಇನ್ನೊಬ್ಬರ ಮದುವೆಗೆ ಬಂದವಳ ಹಾಗೆ.

ತಿಪ್ಪಣ್ಣನವರಿಗೆ ಅದನ್ನು ನೋಡುತ್ತ ನಿಲ್ಲಲಾಗಲಿಲ್ಲ. ನಾಚಿಕೆ ಎಂಬುದು ಅವರಿಗೆ ಹೊಸದೇನಲ್ಲ, ಹನ್ನೊಂದು ವರ್ಷ ಮಗಳ ಬಗ್ಗೆ ನಾಚಿಕೊಂಡವರು. ಈಗ ಅದು ದಿಕ್ಕು ಬದಲಿಸಿ ಅವರ ಮೇಲೇ ಬಂತು.

‘ಆಕಿ ಸುಳ್ಳು ಹೇಳಾಕತ್ತಾಳ್ರಿ’ ಎಂದರು. ಧ್ವನಿ ಅವರೆಣಿಸಿದ್ದಕ್ಕಿಂತ ದೊಡ್ಡದಾಗಿ, ಗುಮ್ಮಟಕ್ಕೆ ಮುಟ್ಟಿ ಬಂತು. ‘ಆಕಿ ಎಂಜಿನಿಯರ್ ಅಲ್ಲ, ಎಂದೂ ಆಗಿದ್ದಿಲ್ಲ. ಸುಳ್ಳು ನಂದು. ಆ ಕೈ ಮಾಡಿದಾಕಿ ನನ್ನ ಮಗಳು.’

ಕೌಸಲ್ಯಾ ಹೆಲೆನ್‌ಳ ಪಕ್ಕದಿಂದ ಬಂದು ಗಾರ್ಗಿಯ ಕೈ ಹಿಡಿದರು. ಪಾದ್ರಿ ಗಡಿಯಾರ ತೋರಿಸಿದರು. ಬಳಗ ಒಬ್ಬೊಬ್ಬರಾಗಿ ಬಲಗಡೆಯ ಬಾಗಿಲಿಂದ ಹೊರಬಿದ್ದಿತು. ವ್ಯಾನಿನಲ್ಲಿ ಒಂದು ಗಂಟೆ ಮಾತಾಡುವಷ್ಟು ಸರಕು ಎಲ್ಲರಿಗೂ ಸಿಕ್ಕಿತ್ತು.

ತಿಪ್ಪಣ್ಣನವರು ಹೋಗಲಿಲ್ಲ. ಮಗಳು ಅಪ್ಪಿಕೊಳ್ಳುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಕಾದರು. ಆಕೆ ಹಲಗೆ ಹತ್ತಿ ಮತ್ತೆ ಮೊಣಕಾಲೂರಿದಳು, ಗಾರೆ ಗಟ್ಟಿಯಾಗುತ್ತಿತ್ತು. ತಂದೆಯ ಜೊತೆ ಇಂಗ್ಲಿಷೇ ಆಡುವವಳು ಬೆನ್ನು ತಿರುಗಿಸಿಕೊಂಡೇ ಕನ್ನಡದಲ್ಲಿ ಕೇಳಿದಳು.

‘ಅವರಿಗೆಲ್ಲ ಹೇಳಿದಿ. ನಂಗ ಯಾವಾಗ ಹೇಳ್ತಿ, ಅಪ್ಪಾ?’

ಏನು ಹೇಳಬೇಕೆಂದು ಅವರಿಗೆ ಗೊತ್ತಿತ್ತು. ಆದರೆ ಅಂಥ ಮಾತು ಆಡಿ ಅಭ್ಯಾಸವಿರಲಿಲ್ಲ. ಗೋಡೆಯ ಹತ್ತಿರ ಹೋದರು, ಕನ್ನಡಕ ಏರಿಸಿಕೊಂಡು ಆ ಕೈಯನ್ನು ನೋಡಿದರು. ಮುಂಗೈಯಿಂದ ಬೆರಳ ತುದಿವರೆಗೆ ನೋಡಿ, ಪಕ್ಕದಿಂದ ಬಗ್ಗಿ ನೋಡಿ, ಮತ್ತೆ ನೋಡಿದರು.

‘ಹಳೇದು ಎಲ್ಲಿ ಮುಗೀತು, ನಿಂದು ಎಲ್ಲಿ ಸುರು ಆತು, ಗೊತ್ತಾಗವಲ್ದು’ ಎಂದರು.

ಗಾರ್ಗಿಯ ಚಿಮಟ ಒಂದು ಕ್ಷಣ ನಿಂತಿತು.

‘ಅದೇ ನನ್ನ ಕೆಲಸ, ಅಪ್ಪಾ’ ಎಂದಳು, ಮತ್ತು ಮುಂದಿನ ಚೂರನ್ನು ಎತ್ತಿಕೊಂಡಳು.