ಮೂರನೆಯ ಮನೆ ಖಾಲಿಯಾದದ್ದು

ನಂಜನಗೂಡಿನಲ್ಲಿ ಅಪ್ಪ ಕಟ್ಟಿಸಿದ್ದ ಐದು ಹೆಂಚಿನ ಮನೆಗಳ ವಠಾರವನ್ನು ಮಾರಿದವನು ನಾನು. ಅಪ್ಪ ತೀರಿಕೊಂಡ ಮೇಲೆ, ನರಸೀಪುರದಲ್ಲಿ ಮೇಷ್ಟರಾಗಿದ್ದುಕೊಂಡು ಸೋರುವ ಸೂರಿಗೂ ಕಟ್ಟಿಕೊಂಡ ಚರಂಡಿಗೂ ಓಡಾಡಿ ಸಾಕಾಗಿತ್ತು. ಕೊಳ್ಳಲು ಬಂದ ಅಕ್ಕಿ ವ್ಯಾಪಾರಿ, “ಬಾಡಿಗೆಯವ್ರು ಇದ್ದಂಗೇ ಇರ್ಲಿ ಸಾ, ಯಾರನ್ನೂ ಎಬ್ಬಿಸಲ್ಲ” ಎಂದ. ಹಾಗೆನ್ನುತ್ತಲೇ ಅವನ ಕಣ್ಣು ನಿವೇಶನದ ಅಗಲ ಅಳೆಯುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ಮುಂಗಡ ತೆಗೆದುಕೊಂಡೆ.

ನಾಲ್ಕು ಮನೆಯವರು ಸುದ್ದಿ ಕೇಳಿದ್ದೇ ಬೇರೆ ಮನೆ ಹುಡುಕತೊಡಗಿದರು. ಮೂರನೆಯ ಮನೆಯಾಕೆ ಮಾತ್ರ ಅಲುಗಲಿಲ್ಲ. ರವಿಕೆ ಹೊಲಿದು ಬದುಕುತ್ತಿದ್ದ ಹೆಂಗಸು. ನಾನು ಹೈಸ್ಕೂಲಿನಲ್ಲಿದ್ದಾಗ, ಆಕೆಯ ಗಂಡ ಹತ್ತಿರದ ಹದಿನಾರು ಎಂಬ ಊರಿಗೆ ಹೋಗಿ ಸಂಜೆ ಬರುತ್ತೇನೆಂದು ಹೊರಟವನು ತಿರುಗಿ ಬಂದಿರಲಿಲ್ಲ.

“ಅವ್ರು ಬಂದ್ರೆ ಇಲ್ಗೇ ತಾನೆ ಬರೋದು? ಬ್ಯಾರೆ ಮನೆ ಅವ್ರಿಗೆಂಗ್ ಗೊತ್ತಾಯ್ತದೆ?” ಎಂದಳು.

“ನಿಮ್ಮನ್ನ ಯಾರೂ ಎಬ್ಬಿಸಲ್ಲ ಅಕ್ಕ,” ಎಂದೆ.

“ನಿನ್ ಮಾತು ನಂಬ್ತೀನಿ ಕಣಪ್ಪ.”

ರಿಜಿಸ್ಟ್ರೇಷನ್ ಆಗಿ ಮೂರು ತಿಂಗಳಿಗೆ ಜೆಸಿಬಿ ಬಂತು. ಆಕೆ ಹೊಲಿಗೆ ಮಿಷನ್ನನ್ನು ಗೂಡ್ಸ್ ಆಟೋಗೆ ಹಾಕಿಕೊಂಡು ಹುಲ್ಲಹಳ್ಳಿಯ ತಮ್ಮನ ಮನೆ ಸೇರಿದಳು. ನನಗೆ ಫೋನು ಕೂಡ ಮಾಡಲಿಲ್ಲ.

ಆಮೇಲೆ ಒಂದು ಭಾನುವಾರ ಆ ಬೀದಿಯಲ್ಲಿ ಟೀ ಕುಡಿಯಲು ನಿಂತೆ. ಅಂಗಡಿಯವನು ಆ ಬೀದಿಗೆ ಹೊಸಬ. ನಾನು ಕೆಡವಿದ ಜಾಗವನ್ನೇ ನೋಡುತ್ತಿದ್ದುದನ್ನು ಕಂಡು ಕೇಳಿದ:

“ಇಲ್ಲಿದ್ದ ವಠಾರ ನಿಮ್ದಾ ಸಾ? ಓದ್ ವಾರ ಒಬ್ರು ಬಂದಿದ್ರು. ಬಿಳಿ ಗಡ್ಡ. ಮೂರ್ನೇ ಮನೆ ಎಲ್ಲಿ ಅಂದ್ರು. ಕೆಡವಾಯ್ತು ಅಂದೆ. ವಸಿ ಒತ್ತು ನಿಂತಿದ್ದು ಒಂಟೋದ್ರು.”

ಲೋಟ ಅಲ್ಲೇ ಇಟ್ಟು, ಅಂಗಡಿಯವನ ನಂಬರು ಬರೆದುಕೊಂಡು ಹುಲ್ಲಹಳ್ಳಿ ಬಸ್ಸು ಹತ್ತಿದೆ.

ಆಕೆ ಮಿಷನ್ ನಿಲ್ಲಿಸಿ ಪೂರ್ತಿ ಕೇಳಿದಳು. “ಎಡಗಾಲು ಎಳ್ಕಂಡು ನಡೀತಿದ್ರಂತಾ?”

ನಾನು ಅದನ್ನು ಕೇಳಿಯೇ ಇರಲಿಲ್ಲ. ಅಂಗಡಿಯವನಿಗೆ ಅಲ್ಲಿಂದಲೇ ಫೋನು ಮಾಡಿದೆ. ಅವನು ಗಮನಿಸಿರಲಿಲ್ಲ.

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ತಮ್ಮನ ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, “ಈ ಮನೆ ಅಡ್ರೆಸ್ಸು ದೊಡ್ಡಕ್ಷರದಲ್ಲಿ ಬರಿ. ಅವ್ರಿಗೆ ಕಣ್ಣು ಮಂಜಾಗಿರ್ತದೆ” ಎಂದಳು. ಬರೆದುಕೊಂಡು ಅದೇ ಸಂಜೆ ಟೀ ಅಂಗಡಿಗೆ ತಂದುಕೊಟ್ಟೆ.

ಆ ಚೀಟಿಯನ್ನು ಅಂಗಡಿಯವನು ಬಿಸ್ಕತ್ತಿನ ಗಾಜಿನ ಪೆಟ್ಟಿಗೆಗೆ ಅಂಟಿಸಿಕೊಂಡಿದ್ದಾನೆ. ಇದುವರೆಗೆ ಯಾರೂ ಬಂದು ಕೇಳಿಲ್ಲ. ಪಾಠ ಮಾಡುವಾಗ ತರಗತಿಯ ಬಾಗಿಲಲ್ಲಿ ಯಾರದಾದರೂ ನೆರಳು ಬಿದ್ದರೆ ಪಾಠ ಬಿಟ್ಟು ಬಂದವರ ಎಡಗಾಲು ನೋಡುತ್ತೇನೆ. ಮಕ್ಕಳು ಕಾಯುತ್ತಾ ಕುಳಿತಿರುತ್ತಾರೆ.