ಮರದ ನೆತ್ತಿಯಿಂದ ನೆಲಕ್ಕಿಳಿದ ಎಪ್ಪತ್ತು ಮನೆಗಳು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹೊಳೆದಂಡೆಯ ತೋಪಿನಲ್ಲಿ ಕೋಲಕ್ಕ ತಟ್ಟೆಯಗಲದ ಕಬ್ಬಿಣದ ಬಿಲ್ಲೆಯೊಂದನ್ನು ನೆಲಕ್ಕಿಟ್ಟು, ಹಳೇ ಹಗೆ ತೀರಿಸಿಕೊಳ್ಳುವವರಂತೆ ತುಳಿಯುತ್ತಾರೆ. ಅದರ ಮೇಲೆ ತಮಗಿಂತ ಎರಡರಷ್ಟು ಎತ್ತರದ ಅಳತೆಕೋಲು ನಿಲ್ಲಿಸುತ್ತಾರೆ. ಬಿಸಿಲೇರಿದರೆ ಗಾಳಿ ನಡುಗಿ ಅಂಕಿಗಳೂ ಕುಣಿಯುತ್ತವೆ. ಅದಕ್ಕೇ ಈ ಹೊತ್ತು. ನಲವತ್ತು ಹೆಜ್ಜೆಯಾಚೆ ಮುಕ್ಕಾಲಿಯ ಮೇಲಿನ ದುರ್ಬೀನಿಗೆ ಕಣ್ಣಿಟ್ಟ ಎಂಜಿನಿಯರ್ ಮೇಡಂ ಕೂಗುತ್ತಾರೆ: "ತೂಗಿ, ಅಕ್ಕ."

ಕೋಲಕ್ಕ ಕೋಲನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ವಾಲಿಸುತ್ತಾರೆ. ಆಗ ಕಂಡ ಅಂಕಿಗಳಲ್ಲಿ ಅತಿ ಚಿಕ್ಕದೇ ನಿಜ; ಕೋಲು ನೆಟ್ಟಗಿದ್ದಾಗ ಮಾತ್ರ ಅದು ಕಾಣುತ್ತದೆ.

"ವಾಲಿದಷ್ಟೂ ದೊಡ್ಡ ಅಂಕಿ. ಮನುಷ್ಯರ ಹಾಗೇನೇ," ಎನ್ನುತ್ತಾರೆ.

ಸರ್ವೆ ಕಚೇರಿಯಲ್ಲಿ ಇಪ್ಪತ್ತಮೂರು ವರ್ಷದಿಂದ ಅವರ ಕೆಲಸ ಇದೇ. ನಿಂತು ನಿಂತು ಮಂಡಿ ಸವೆದಿದೆ. ದಿನಕ್ಕೆ ಎಂಬತ್ತು ಕಡೆ ಬಿಲ್ಲೆ ತುಳಿಯುವ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಮೊದಲೇ ನಿವೃತ್ತಿಯಾಗುತ್ತದೆ. ಈಗ ಉಪಗ್ರಹವೇ ಆಕಾಶದಿಂದ ಊರಿನ ಎತ್ತರ ಅಳೆದುಕೊಡುತ್ತದೆ. "ಇನ್ನು ಕೋಲು ಗೋಡೆಗೆ ಒರಗಿಸಿಬಿಡಿ," ಎಂದಿದ್ದರು ಮೇಲಧಿಕಾರಿ.

ಒರಗಿಸುತ್ತಿದ್ದರೇನೋ. ಆದರೆ ಆ ಎತ್ತರಗಳನ್ನು ನಂಬಿ ಕಚೇರಿ ನೆರೆ ತಡೆಯುವ ಗೋಡೆಯ ನಕ್ಷೆ ಬರೆಯಿತು. ತೋಪಿನೊಳಗಿನ ಎಪ್ಪತ್ತು ಮನೆಗಳು ಎತ್ತರದಲ್ಲಿವೆಯೆಂದು ಗೋಡೆಯಾಚೆ ಉಳಿದವು. ಅವುಗಳಲ್ಲೊಂದು ಕೋಲಕ್ಕನ ನಾದಿನಿಯದು. ಹೋದ ಮಳೆಗಾಲದಲ್ಲಿ ಅದರ ಹೊಸ್ತಿಲವರೆಗೆ ನೀರು ಬಂದಿತ್ತು.

"ಉಪಗ್ರಹ ನೆಲ ಅಲ್ಲ, ಮರದ ನೆತ್ತಿ ಅಳೆದಿದೆ ಸಾರ್," ಎಂದರು ಕೋಲಕ್ಕ. "ನೀರು ಬಂದ್ರೆ ನಮ್ಮ ನಾದಿನಿ ಮರ ಹತ್ತಿ ಕೂತ್ಕೋಬೇಕಾ? ಅವಳ ಮೈಗೆ ಕೊಂಬೆ ತಡೆಯಲ್ಲ."

ಮೇಲಧಿಕಾರಿ ನಕ್ಕರು. ನಕ್ಕ ತಪ್ಪಿಗೋ ಏನೋ, ಪರೀಕ್ಷಿಸಲು ನಾಲ್ಕು ದಿನ ಕೊಟ್ಟರು.

ಇಂದು ನಾಲ್ಕನೆಯದು. ಬಯಲಿನಲ್ಲಿ ಉಪಗ್ರಹದ ಲೆಕ್ಕ ಅರ್ಧ ಮೀಟರಿನೊಳಗೆ ಸರಿಯಿತ್ತು. ಗುಡ್ಡದ ಇಳಿಜಾರಿನಲ್ಲಿ ಐದು ಮೀಟರ್ ತಪ್ಪಿತ್ತು. ತೋಪೊಂದು ಬಾಕಿ. ಎಂಜಿನಿಯರ್ ದುರ್ಬೀನು ಹೊತ್ತು ಮುಂದಕ್ಕೆ ಹೊರಟಿದ್ದಾರೆ. ಅವರು ಹೊಸ ಜಾಗದಿಂದ ಹಿಂದಕ್ಕೆ ತಿರುಗಿ ಕೋಲನ್ನು ನೋಡುವ ತನಕ ಬಿಲ್ಲೆ ಕೂದಲೆಳೆಯಷ್ಟೂ ಕದಲಬಾರದು; ಕದಲಿದರೆ ಹಿಂದಿನ ಅಳತೆಗೂ ಮುಂದಿನದಕ್ಕೂ ಕೊಂಡಿ ಕಳಚುತ್ತದೆ. ಆಗಲೇ ಕೆಂಜಿಗಗಳು ಕೋಲಕ್ಕನ ಪಾದವೇರುತ್ತವೆ.

ಕೆಲಸಕ್ಕೆ ಸೇರಿದ ಮೂರನೇ ವರ್ಷವೂ ಹೀಗೇ ಆಗಿತ್ತು. ಬಿಲ್ಲೆಯನ್ನೆತ್ತಿ, ಇರುವೆ ಕೊಡವಿ, ಮತ್ತೆ ಅಲ್ಲೇ ಇಟ್ಟಿದ್ದರು. ಆರು ಕಿಲೋಮೀಟರಿನ ಅಳತೆ ನೀರುಪಾಲು. "ಸರ್ವೇಯರ್ ಬೈಲಿಲ್ಲ. ಎರಡು ದಿನ ಮಾತೇ ಆಡ್ಲಿಲ್ಲ. ಬೈದಿದ್ರೇ ವಾಸಿಯಿತ್ತು," ಎನ್ನುತ್ತಾರೆ ಕೋಲಕ್ಕ.

ಈ ಸಲ ಅವರು ಕದಲುವುದಿಲ್ಲ. "ಬೇಗ ನೋಡಿ ಮೇಡಂ, ಮಂಡಿವರೆಗೂ ಬಂದ್ರು."

"ಯಾರು ಬಂದ್ರು ಅಕ್ಕ?"

"ನೆಂಟರು. ನೀವು ಅಂಕಿ ನೋಡಿ."

ಎರಡು ಗಂಟೆಯ ಬಳಿಕ, ಅಳತೆ ಹೊರಟ, ಎತ್ತರ ಮೊದಲೇ ಗೊತ್ತಿರುವ ಕಲ್ಲಿಗೇ ಮರಳಿ ಬಂದಾಗ, ಲೆಕ್ಕದಲ್ಲಿ ಬಿದ್ದ ವ್ಯತ್ಯಾಸ ನಾಲ್ಕೇ ಮಿಲಿಮೀಟರ್; ಅಂದರೆ ಅಳತೆ ಎಲ್ಲೂ ತಪ್ಪಿಲ್ಲ. ಎಂಜಿನಿಯರ್ ಮತ್ತೊಮ್ಮೆ ಕೂಡಿ ಕಳೆದು ನೋಡುತ್ತಾರೆ. ತೋಪಿನ ನೆಲ ಉಪಗ್ರಹ ಹೇಳಿದ್ದಕ್ಕಿಂತ ಹನ್ನೊಂದು ಮೀಟರ್ ತಗ್ಗಿನಲ್ಲಿದೆ. ಕಚೇರಿಗೆ ಫೋನು ಹೋಗುತ್ತದೆ. ಆ ಕಡೆಯಿಂದ ಮೇಲಧಿಕಾರಿಯ ದನಿ: "ಗೋಡೆ ತೋಪನ್ನ ಸುತ್ತಿಕೊಂಡೇ ಬರ್ಲಿ. ಆ ಕೋಲನ್ನ ಯಾರೂ ಒರಗಿಸೋದು ಬೇಡ."

ಕೋಲಕ್ಕ ಒಂದು ಕೈಯಲ್ಲಿ ಕಾಲು ತುರಿಸಿಕೊಳ್ಳುತ್ತಾ ಇನ್ನೊಂದರಲ್ಲಿ ನಾದಿನಿಗೆ ಫೋನ್ ಮಾಡುತ್ತಾರೆ.

"ನಿಮ್ಮನೇನ ಹನ್ನೊಂದು ಮೀಟರ್ ಕೆಳಗಿಳಿಸಿದ್ದೀನಿ ಕಣೇ. ಟೀಗಿಡು, ಬರ್ತಿದ್ದೀನಿ."