ಕಾಲರ್ ಅಕ್ಕನ ಕತ್ತು

ಕಾಲರ್ ಅಕ್ಕ ಹಠಮಾರಿ. ಯಾರನ್ನೂ ನಂಬುವ ಜಾಯಮಾನ ಅವಳದಲ್ಲ. ಅತ್ತಿಗೆಯ ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಅತ್ತಿಗೆ ಬರೆದುಕೊಟ್ಟ ಅಳತೆಯನ್ನೂ ಟೇಪು ಹಿಡಿದು ಇನ್ನೊಮ್ಮೆ ನೋಡದೆ ಒಂದು ದಿನವೂ ಕತ್ತರಿ ಆಡಿಸಿದವಳಲ್ಲ.

ಮೊದಲ ಸಲ ಕತ್ತಿನ ಎಡಕ್ಕೆ ಗಂಟು ಎದ್ದು ಜ್ವರ ಹಿಡಿದಾಗ ಡಾಕ್ಟರು ಅದರ ಚೂರು ತೆಗೆಸಿ ಪರೀಕ್ಷೆ ಮಾಡಿಸಿದರು. ಕ್ಷಯವಲ್ಲ, ಕ್ಯಾನ್ಸರೂ ಅಲ್ಲ; ಗ್ರಂಥಿಗಳ ಉರಿಯೂತ, ಹೋಗಿ ಮತ್ತೆ ಬರಬಹುದಾದ ಜಾತಿಯದು. ಸ್ಟೆರಾಯ್ಡ್ ಮಾತ್ರೆ ಕೊಟ್ಟು, ಅದನ್ನು ಸ್ವಲ್ಪಸ್ವಲ್ಪವೇ ಇಳಿಸಬೇಕೆಂದರು. ಹತ್ತು ದಿನಕ್ಕೆ ಗಂಟು ಕರಗಿತು. ಅವಳು ಮಾತ್ರೆಯನ್ನು ಒಂದೇ ಏಟಿಗೆ ನಿಲ್ಲಿಸಿಬಿಟ್ಟಳು.

"ಹೊಲಿಗೆ ಕೂತ ಮೇಲೆ ಕಚ್ಚಾ ದಾರ ಕಿತ್ತು ಬಿಸಾಕಲ್ವಾ ಅತ್ತಿಗೆ? ಇದೂ ಹಾಗೇ."

"ನಿನ್ನ ಕತ್ತೇನು ಅಂಗಿ ಕಾಲರಾ? ಡಾಕ್ಟರಿಗೇ ಪಾಠ ಹೇಳೋಕೆ ಹೊರಟಳು ಮಹಾರಾಯ್ತಿ!"

ಗಂಟು ಮರಳಿತು, ಈ ಸಲ ಎರಡೂ ಕಡೆ. ಮೂರು ವಾರ ಹಾಸಿಗೆ ಹಿಡಿದಳು. ಡಾಕ್ಟರು ಚೆನ್ನಾಗಿ ಬೈದು, ಸ್ಟೆರಾಯ್ಡಿನ ಜೊತೆಗೆ ಮಲೇರಿಯಾಕ್ಕೆ ಕೊಡುವಂಥ ಇನ್ನೊಂದು ಮಾತ್ರೆಯನ್ನೂ ಸೇರಿಸಿದರು. ಅದನ್ನು ತಿಂಗಳುಗಟ್ಟಲೆ ನುಂಗಬೇಕು, ಅಪರೂಪಕ್ಕೆ ಕಣ್ಣಿಗೆ ತೊಂದರೆ ಕೊಡುವುದರಿಂದ ಆಗಾಗ ಕಣ್ಣು ಪರೀಕ್ಷೆ ಮಾಡಿಸಬೇಕು. ಕಣ್ಣೆಂದ ಕೂಡಲೇ ಅವಳಿಗೆ ಜೀವ ಬಾಯಿಗೆ ಬಂತು. ಕಣ್ಣು ಹೋದರೆ ಹೊಲಿಗೆ ಹೋಯಿತು. ಹೊಲಿಗೆ ಹೋದರೆ ತಾನು ಇದ್ದೂ ಇಲ್ಲದ ಹಾಗೆ. ಆದರೂ ನುಂಗಿದಳು.

ಗಂಟುಗಳು ಹೋದವು. ಹೋಗಿಲ್ಲವೆಂದು ಬೆರಳು ಹೇಳುತ್ತಿತ್ತು. ಮಿಷನ್ ತುಳಿಯುವುದನ್ನು ನಿಲ್ಲಿಸಿ ನಿಲ್ಲಿಸಿ ಕಿವಿಯ ಕೆಳಗೆ ತಡವಿಕೊಳ್ಳುವಳು. ಬಟ್ಟೆಯ ಮಡಿಕೆಯಲ್ಲೂ ಗಂಟು ಸಿಗುತ್ತಿತ್ತು. ಗಿರಾಕಿಯ ಕತ್ತಿಗೆ ಟೇಪು ಸುತ್ತಿದರೆ ಅವನ ಚರ್ಮದಡಿಯಲ್ಲೂ ಏನೋ ಉರುಳಿದಂತಾಗಿ ಕೈ ಹಿಂದಕ್ಕೆಳೆಯುವಳು. ಒತ್ತಿ ಒತ್ತಿ ಕತ್ತು ಕೆಂಪೇರಿತ್ತು. ನೋವು ರೋಗದ್ದೋ ಬೆರಳಿನದೋ ತಿಳಿಯದಾಯಿತು.

ಸ್ಟೆರಾಯ್ಡಿನ ಕೊನೆಯ ಅರ್ಧ ಮಾತ್ರೆ ಮುಗಿದ ವಾರ, ಮಟಮಟ ಮಧ್ಯಾಹ್ನ, ಅವಳು ಎದ್ದು ಬಂದು ಅತ್ತಿಗೆಯ ಮುಂದೆ ತಲೆ ಬಗ್ಗಿಸಿ ನಿಂತಳು.

"ಮತ್ತೆ ಬಂದಿದೆಯಾ, ನೀವೇ ನೋಡಿ. ನನ್ನ ಕೈಯನ್ನ ನಂಬೋ ಹಾಗಿಲ್ಲ."

ಅತ್ತಿಗೆ ಕತ್ತರಿ ಕೆಳಗಿಟ್ಟು, ಎರಡೂ ಕಡೆ ನಿಧಾನವಾಗಿ ಒತ್ತಿ ನೋಡಿದಳು.

"ಏನೂ ಇಲ್ಲ ಕಣೆ."

"ಸರಿಯಾಗಿ ನೋಡಿದ್ರಾ?"

"ನೋಡ್ದೆ. ಇಲ್ಲ ಅಂದ್ರೆ ಇಲ್ಲ."

ಕಾಲರ್ ಅಕ್ಕ ತನ್ನ ಜಾಗಕ್ಕೆ ಮರಳಿದಳು. ಬಲಗೈ ಆಗಲೇ ಕತ್ತಿನ ಕಡೆಗೆ ಏಳುತ್ತಿತ್ತು. ಅದನ್ನು ಎಳೆದು ತೊಡೆಯಡಿ ಇಟ್ಟುಕೊಂಡು, ಅದರ ಮೇಲೆ ಭಾರ ಬಿಟ್ಟು ಕೂತಳು.